ಆನೆ ಕಾಸಿನ ಇಸವಿ ಸವೆದುಹೋಗಿದ್ರೆ ಹೇಗೆ ಹುಡುಕೋದು?

ಪ್ರಶ್ನೆ: ಶ್ರೀರಂಗಪಟ್ಟಣದ ಅಜ್ಜಿ ಮನೆಯಲ್ಲಿ ಒಂದು ಹಳೇ ತಾಮ್ರದ ಕಾಸು ಸಿಕ್ಕಿದೆ. ಒಂದು ಕಡೆ ಆನೆ ಮಸುಕಾಗಿ ಕಾಣುತ್ತದೆ. ಅಂಕಿ ಎಲ್ಲಾ ಸವೆದಿದೆ. ಯಾವ ವರ್ಷದ್ದು ಅಂತ ತಿಳಿಯೋದು ಹೇಗೆ?

ಉತ್ತರ: ಮೊದಲು, ದಯವಿಟ್ಟು ಅದಕ್ಕೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಕಾಸು ಫಳಫಳ ಅನ್ನುತ್ತೆ, ಉಳಿದಿದ್ದ ಚೂರುಪಾರು ಅಕ್ಷರವೂ ಹೋಗುತ್ತೆ. ನಿಮಗೆ ಬೇಕಾದದ್ದು ಒಂದು ಟಾರ್ಚ್. ರಾತ್ರಿ ದೀಪ ಆರಿಸಿ, ಕಾಸನ್ನು ಮೇಜಿನ ಮೇಲಿಟ್ಟು, ಪಕ್ಕದಿಂದ ಓರೆಯಾಗಿ ಬೆಳಕು ಬಿಡಿ. ನಿಧಾನವಾಗಿ ಕಾಸು ತಿರುಗಿಸುತ್ತಾ ಹೋಗಿ. ಸವೆದ ಗೆರೆಗೂ ಒಂದಿಷ್ಟು ನೆರಳಿರುತ್ತೆ.

ಆಮೇಲೆ, ಇದು ಯಾರ ಆನೆ ಅಂತ ನೋಡಬೇಕು. ನಮ್ಮ ಕಡೆ ಆನೆ ಕಾಸು ಅಂದ್ರೆ ಎಲ್ಲರೂ ಸುಮ್ನೆ ಟಿಪ್ಪು ಅಂದುಬಿಡುತ್ತಾರೆ. ಆದರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸಿನ ಮೇಲೂ ಆನೆ ಇದೆ. ವಿಜಯನಗರದ ದೇವರಾಯನ ಸಣ್ಣ ತಾಮ್ರದ ಕಾಸಿನ ಮೇಲೂ ಇದೆ. ‘ಶ್ರೀ’ ಅನ್ನೋ ಕನ್ನಡ ಅಕ್ಷರ ಕಂಡರೆ ಅದು ಟಿಪ್ಪುವಿನದ್ದಲ್ಲ. ಹಿಂಬದಿಯಲ್ಲಿ ಪಾರ್ಸಿ ಬರಹ ಇದ್ದು, ಕಾಸು ದಪ್ಪಗಿದ್ದು, ಹತ್ತು ಹನ್ನೊಂದು ಗ್ರಾಂ ತೂಗಿದರೆ ಟಿಪ್ಪುವಿನ ಪೈಸೆ ಇರಬಹುದು.

ಟಿಪ್ಪುವಿನದ್ದೇ ಆದರೆ ನಿಜವಾದ ಮಜಾ ಈಗ ಶುರು. ಅವನು 1782ರ ಕೊನೆಯಲ್ಲಿ ಪಟ್ಟಕ್ಕೆ ಬಂದಾಗ ಕಾಸಿನ ಮೇಲೆ ಹಿಜರಿ ವರ್ಷ, ಅಂದರೆ ಮುಸ್ಲಿಂ ಪಂಚಾಂಗದ ವರ್ಷ ಹಾಕಿಸುತ್ತಿದ್ದ, 1197ರಿಂದ 1201ರವರೆಗೆ. 1787ರಲ್ಲಿ ಲೆಕ್ಕವನ್ನೇ ಬದಲಾಯಿಸಿದ. ಮೌಲೂದಿ ಅನ್ನೋ ಹೊಸ ಶಕೆ 1215ರಿಂದ ಶುರುವಾಯಿತು. ಎಷ್ಟೋ ಜನ ಮುಗ್ಗರಿಸೋದು ಇಲ್ಲೇ. 1222 ಅಂತ ಓದಿ, ಹಿಜರಿ ಅಂದುಕೊಂಡು ಲೆಕ್ಕ ಹಾಕಿದರೆ 1807 ಬರುತ್ತೆ. ಟಿಪ್ಪು ತೀರಿಕೊಂಡದ್ದು 1799ರ ಮೇ 4ಕ್ಕೆ! ಮೌಲೂದಿ ವರ್ಷ ನಮ್ಮ ಯುಗಾದಿಯ ಆಸುಪಾಸಿನಲ್ಲೇ ಶುರುವಾಗುತ್ತಿತ್ತು. ಹಾಗಾಗಿ ಲೆಕ್ಕ ಸುಲಭ, 572 ಕೂಡಿಸಿದರೆ ಸಾಕು. 1222 ಅಂದರೆ 1794ರ ಯುಗಾದಿಯಿಂದ 1795ರ ಯುಗಾದಿವರೆಗೆ.

ಇನ್ನೊಂದು ತಮಾಷೆ ಇದೆ. ಮೌಲೂದಿ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ್ದಾನೆ. 1215 ಇರೋದು 5121 ಅಂತ ಕಾಣುತ್ತೆ. 1221 ಮಾತ್ರ ಎತ್ತ ಕಡೆಯಿಂದ ಓದಿದರೂ ಒಂದೇ. ಪಾರ್ಸಿ ಅಂಕಿಯಲ್ಲಿ ಸೊನ್ನೆ ಅಂದರೆ ಬರೀ ಒಂದು ಚುಕ್ಕಿ, ಎಲ್ಲಕ್ಕಿಂತ ಮೊದಲು ಸವೆಯೋದು ಅದೇ. ಮೂರೇ ಅಂಕಿ ಕಂಡು, ಒಂದು ಕಡೆ ಖಾಲಿ ಇದ್ದರೆ ಅಲ್ಲೊಂದು ಚುಕ್ಕಿ ಇತ್ತಾ ಅಂತ ಟಾರ್ಚ್ ಬಿಟ್ಟು ನೋಡಿ.

ಅಂಕಿ ಒಂದೂ ಉಳಿದಿಲ್ಲ ಅಂದ್ರೆ? ನನ್ನ ಹತ್ತಿರ ಅಂಥದ್ದೇ ಒಂದಿದೆ. ಯಾವುದೋ ಕಾಲದಲ್ಲಿ ಮಗುವಿನ ಉಡುದಾರಕ್ಕೆ ಪೋಣಿಸಲು ತೂತು ಕೊರೆದಿದ್ದಾರೆ, ಆ ತೂತಿನ ಸುತ್ತ ಏನೂ ಇಲ್ಲ. ಆದರೆ ಆನೆಯ ಬೆನ್ನ ಮೇಲೆ ದೋಣಿ ಥರ ಒಂದು ಗೆರೆ, ಅದರ ಕೆಳಗೆ ಒಂದು ಚುಕ್ಕಿ ಉಳಿದಿತ್ತು. ಅದು ಪಾರ್ಸಿ ಲಿಪಿಯ ‘ಬೇ’ ಅನ್ನೋ ಅಕ್ಷರ. ಕೊನೆಯ ವರ್ಷಗಳಲ್ಲಿ ಟಿಪ್ಪುವಿನ ಟಂಕಸಾಲೆ ವರ್ಷಕ್ಕೊಂದು ಅಕ್ಷರ ಹಾಕುತ್ತಿತ್ತು. 1224ಕ್ಕೆ ‘ಅಲಿಫ್’, ಅಂದರೆ ನೆಟ್ಟಗಿನ ಕಡ್ಡಿ. 1225ಕ್ಕೆ ‘ಬೇ’. 1226ಕ್ಕೆ ‘ತೇ’. ‘ತೇ’ಗೂ ಅದೇ ದೋಣಿ, ಆದರೆ ಎರಡು ಚುಕ್ಕಿ ಮೇಲೆ. ಹಾಗೆ ನನ್ನ ಕಾಸು 1797-98ರದ್ದು ಅಂತಾಯ್ತು, ಆ ಒಂದು ಚುಕ್ಕಿಯಿಂದ. ಚುಕ್ಕಿಯೂ ಹೋಗಿದ್ದಿದ್ರೆ ಎರಡರಲ್ಲಿ ಯಾವುದು ಅಂತ ಹೇಳೋಕೆ ಆಗ್ತಿರಲಿಲ್ಲ.

ಇನ್ನೂ ಹಿಂದಿನ ನಾಣ್ಯಗಳಲ್ಲಿ ಇಸವಿ ಹುಡುಕಿ ಕಣ್ಣು ನೋಯಿಸಿಕೊಳ್ಳಬೇಡಿ. ದೇವರಾಯನ ಕಾಸಿನಲ್ಲಿ ಹೆಸರಿದೆ, ವರ್ಷ ಇಲ್ಲ. ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯದಲ್ಲೂ ಇಲ್ಲ. ಆದರೆ ಅದರಲ್ಲಿ ‘ಶ್ರೀ ತಳಕಾಡುಗೊಂಡ’ ಅಂತ ಕನ್ನಡದಲ್ಲೇ ಬರೆದಿದೆ. ಚೋಳರಿಂದ ಅವನು ತಲಕಾಡು ಗೆದ್ದದ್ದು 1116ರ ಸುಮಾರಿಗೆ. ಗೆಲ್ಲದೇ ಆ ಬಿರುದು ಹಾಕಿಸೋ ಹಾಗಿಲ್ಲ ಅಲ್ವಾ? ನಾಣ್ಯ ಅದಕ್ಕಿಂತ ಈಚಿನದು.

ಅಂಥದ್ದು ಹೊಲ ಅಗೆಯುವಾಗ ಸಿಕ್ಕಿದರೆ ಮಾತ್ರ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಜಿಲ್ಲಾಧಿಕಾರಿಗೆ ತಿಳಿಸಬೇಕು. ನಿಮ್ಮದು ಅಜ್ಜಿ ಮನೆಯದ್ದು. ಇವತ್ತು ರಾತ್ರಿಯೇ ದೀಪ ಆರಿಸಿ ಆನೆಯ ಬೆನ್ನು ನೋಡಿ.