ಪ್ರೋಗ್ರಾಮ್ ಯಾವ ಇನ್‌ಸ್ಟ್ರಕ್ಷನ್ ಎಷ್ಟು ಬಳಸುತ್ತದೆ? ಎಣಿಸುವ ಬಗೆ

ಎಕ್ಸ್86 (ಪಿಸಿಗಳಲ್ಲಿ ಇರುವ ಬಗೆಯ) ಪ್ರೊಸೆಸರ್‌ಗೆ ನೂರಾರು ಇನ್‌ಸ್ಟ್ರಕ್ಷನ್, ಅಂದರೆ ಒಂದೊಂದು ಚಿಕ್ಕ ಆದೇಶ, ಗೊತ್ತು. ಆದರೆ ಸ್ಪೆಕ್‌ಇಂಟ್92 ಅನ್ನುವ, ಪ್ರೊಸೆಸರ್ ವೇಗ ಪರೀಕ್ಷಿಸುವ ಪ್ರೋಗ್ರಾಮ್‌ಗಳನ್ನು ಅಳೆದಾಗ, ಓಡಿದ್ದರಲ್ಲಿ 96% ಬರೀ 10 ಸರಳ ಬಗೆಯವು. ಲೋಡ್ (ಮೆಮೊರಿಯಿಂದ ಓದು) 22%, ಕಂಡೀಷನಲ್ ಬ್ರಾಂಚ್ (ಷರತ್ತು ನೋಡಿ ಬೇರೆಡೆಗೆ ಹಾರು) 20%, ಕಂಪೇರ್ (ಹೋಲಿಸು) 16%, ಸ್ಟೋರ್ (ಮೆಮೊರಿಗೆ ಬರೆ) 12%, ಹೀಗೆ.

ಇಲ್ಲಿ 'ಓಡಿದ್ದರಲ್ಲಿ' ಅನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಫೈಲ್‌ನಲ್ಲಿ ಎಷ್ಟು ಸಲ ಬರೆದಿದೆ ಅನ್ನುವುದು ಸ್ಟ್ಯಾಟಿಕ್ ಎಣಿಕೆ. ಫೈಲ್‌ನ ಇನ್‌ಸ್ಟ್ರಕ್ಷನ್‌ಗಳನ್ನು ಸಾಲಾಗಿ ತೋರಿಸುವ ಆಬ್ಜ್‌ಡಂಪ್ ಟೂಲ್ ಹಾಕಿ ಸಾಲುಗಳನ್ನು ಎಣಿಸಿದರೆ ಸಿಗುವುದು ಇಷ್ಟೇ. ಓಡುವಾಗ ಎಷ್ಟು ಸಲ ನಡೆಯಿತು ಅನ್ನುವುದು ಡೈನಮಿಕ್ ಎಣಿಕೆ. ಎರಡೂ ಎಷ್ಟು ದೂರ ಹೋಗುತ್ತವೆ ನೋಡಿ.

ಒಂದು ಪ್ರೋಗ್ರಾಮ್‌ನಲ್ಲಿ 100 ಇನ್‌ಸ್ಟ್ರಕ್ಷನ್ ಇವೆ ಅಂದುಕೊಳ್ಳಿ. 95 ಒಂದೇ ಸಲ ಓಡುತ್ತವೆ. ಅವುಗಳಲ್ಲಿ 40 ಮೂವ್ (ಡೇಟಾ ನಕಲಿಸು), 3 ಆಡ್ (ಕೂಡು). ಉಳಿದ 5 ಲೂಪ್‌ನ ಒಳಗಿವೆ: ಒಂದು ಮೂವ್, ಎರಡು ಆಡ್, ಒಂದು ಕಂಪೇರ್, ಒಂದು ಜಂಪ್. ಲೂಪ್ 10 ಲಕ್ಷ ಸಲ ಸುತ್ತುತ್ತದೆ. ಫೈಲ್‌ನಲ್ಲಿ ಮೂವ್ 41%, ಆಡ್ 5%. ಓಡಿಸಿದಾಗ ಒಟ್ಟು 50,00,095. ಅದರಲ್ಲಿ ಮೂವ್ 10,00,040, ಆಡ್ 20,00,003. ಅಂದರೆ ಮೂವ್ 20%, ಆಡ್ 40%. ಪೂರ್ತಿ ತಿರುಗಾಮುರುಗಾ, ಅಲ್ವಾ?

ಹಾಗಂತ ಪ್ರತಿ ಇನ್‌ಸ್ಟ್ರಕ್ಷನ್ ಓಡಿದಾಗಲೂ ಒಂದೊಂದು ಸೇರಿಸುತ್ತಾ ಕೂತರೆ ಪ್ರೋಗ್ರಾಮ್ ತೆವಳುತ್ತದೆ. ನನಗೆ ತುಂಬಾ ಇಷ್ಟವಾದ ಉಪಾಯ ಇಲ್ಲಿದೆ: ಬೇಸಿಕ್ ಬ್ಲಾಕ್. ಮಧ್ಯದಲ್ಲಿ ಒಳಗೆ ಬರುವ, ಹೊರಗೆ ಹಾರುವ ದಾರಿಯಿಲ್ಲದ ತುಂಡು ಅದು. ಒಳಗೆ ಬಂದರೆ ಕೊನೆಯವರೆಗೂ ಓಡಲೇಬೇಕು. ಹಾಗಾಗಿ ಬ್ಲಾಕ್‌ಗೆ ಒಂದೇ ಕೌಂಟರ್ ಸಾಕು. ಮೇಲಿನ ಲೂಪ್ ಅಂಥದ್ದೇ ಒಂದು ಬ್ಲಾಕ್. ಕೌಂಟರ್ 10 ಲಕ್ಷ ತೋರಿಸಿದರೆ, ಒಳಗಿನ 2 ಆಡ್‌ಗೆ ಗುಣಿಸಿ, 20 ಲಕ್ಷ. ಓಡುವ ಪ್ರೋಗ್ರಾಮ್‌ಗೆ ಎಣಿಸುವ ಕೋಡ್ ಸೇರಿಸುವ ಇಂಟೆಲ್‌ನ ಪಿನ್ ಟೂಲ್‌ನಲ್ಲಿ ಹೀಗೆ ಬ್ಲಾಕ್ ಲೆಕ್ಕದಲ್ಲಿ ಎಣಿಸಬಹುದು. ಲಿನಕ್ಸ್‌ನ ಪರ್ಫ್ ಸ್ಟ್ಯಾಟ್ ಅನ್ನುವ ಅಳೆಯುವ ಕಮಾಂಡ್ ಬಹಳ ವೇಗ, ಆದರೆ ಒಟ್ಟು ಇನ್‌ಸ್ಟ್ರಕ್ಷನ್, ಬ್ರಾಂಚ್ ಇಂಥ ಮೊತ್ತ ಕೊಡುತ್ತದೆ. ಯಾವ ಆಪ್‌ಕೋಡ್ (ಇನ್‌ಸ್ಟ್ರಕ್ಷನ್‌ನ ಬಗೆ) ಎಷ್ಟು ಅಂತ ಬಿಡಿಸಿ ಹೇಳುವುದಿಲ್ಲ.

ಸ್ಟ್ಯಾಟಿಕ್ ಎಣಿಕೆ ಸುಮ್ನೆ ಬಿಸಾಡುವಂಥದ್ದಲ್ಲ. ಕೋಡ್ ಎಷ್ಟು ಜಾಗ ತಿನ್ನುತ್ತದೆ ಅಂತ ತಿಳಿಯಲು ಅದೇ ಬೇಕು. ರಿಸ್ಕ್-ಫೈವ್ ಅನ್ನುವ ಇನ್ನೊಂದು ಬಗೆಯ ಪ್ರೊಸೆಸರ್‌ಗಳಲ್ಲಿ ಜಾಸ್ತಿ ಬಳಕೆಯ ಇನ್‌ಸ್ಟ್ರಕ್ಷನ್‌ಗಳಿಗೆ 16 ಬಿಟ್‌ನ ಚಿಕ್ಕ ರೂಪವಿದೆ. ಕೋಡ್ ಸಾಮಾನ್ಯವಾಗಿ 25-30% ಇಳಿಯುತ್ತದೆ.

ಇನ್ನೊಂದು: ಎಣಿಕೆ ಬೇರೆ, ಸಮಯ ಬೇರೆ. ವ್ಯಾಕ್ಸ್-11/780 ಅನ್ನುವ ಹಳೆಯ ಕಂಪ್ಯೂಟರನ್ನು ಎಮರ್ ಮತ್ತು ಕ್ಲಾರ್ಕ್ 1984ರಲ್ಲಿ ಅಳೆದರು. ಓಡಿದ್ದರಲ್ಲಿ ಸುಮಾರು 84% ಸರಳ ಇನ್‌ಸ್ಟ್ರಕ್ಷನ್‌ಗಳೇ. ಆದರೂ ಒಂದು ಇನ್‌ಸ್ಟ್ರಕ್ಷನ್‌ಗೆ ಸರಾಸರಿ 10.6 ಸೈಕಲ್ (ಪ್ರೊಸೆಸರ್ ಗಡಿಯಾರದ ಮಿಡಿತ) ಹಿಡಿಯುತ್ತಿತ್ತು.