ಬಾವಿ, ಹಗ್ಗ ಮತ್ತು ಒಂದು ಮೈನಸ್ ಚಿಹ್ನೆ: ನವ್ರೋಟ್ಸ್ಕಿ ಅವರ ಕ್ಯಾಲೊರಿಮೆಟ್ರಿ ಓದಿದ ಟಿಪ್ಪಣಿ

ಘನಸ್ಥಿತಿ ರಸಾಯನಶಾಸ್ತ್ರದ ಸೆಮಿನಾರಿಗೆ ನನ್ನ ಪಾಲಿಗೆ ಬಂದ ವಿಷಯ ಅಲೆಕ್ಸಾಂಡ್ರಾ ನವ್ರೋಟ್ಸ್ಕಿ ಅವರ ಸಂಶೋಧನೆ. ಅವರ ವೃತ್ತಿಜೀವನವನ್ನು ಓದಲು ಅರ್ಧ ಗಂಟೆ ಸಾಕಾಯಿತು. ಒಂದು ಮೈನಸ್ ಚಿಹ್ನೆ ಮಾತ್ರ ನಾಲ್ಕು ದಿನ ತಿಂದಿತು. ಟಿಪ್ಪಣಿಯೂ ಅದೇ ಅಳತೆಯಲ್ಲಿದೆ. ಹೆಸ್ ನಿಯಮ (ಯಾವ ದಾರಿಯಲ್ಲಿ ಹೋದರೂ ಒಟ್ಟು ಶಾಖದ ಲೆಕ್ಕ ಒಂದೇ), ಎಂಥಾಲ್ಪಿ (ಸ್ಥಿರ ಒತ್ತಡದಲ್ಲಿ ವಸ್ತುವಿನ ಶಾಖದ ಲೆಕ್ಕ) ಇವೆರಡು ಗೊತ್ತಿವೆ ಎಂದುಕೊಂಡೇ ಬರೆಯುತ್ತಿದ್ದೇನೆ.

ಮೊದಲು ಸೆಮಿನಾರಿನಲ್ಲಿ ಹೇಳಲೇಬೇಕಾದ ವಿವರ. ಹುಟ್ಟಿದ್ದು 1943ರಲ್ಲಿ, ನ್ಯೂಯಾರ್ಕಿನಲ್ಲಿ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಓಲೆ ಕ್ಲೆಪ್ಪಾ ಅವರ ಮಾರ್ಗದರ್ಶನದಲ್ಲಿ 1967ರಲ್ಲಿ ಪಿಎಚ್‌ಡಿ. 1969ರಿಂದ ಅರಿಜೋನಾ ಸ್ಟೇಟ್, 1985ರಿಂದ ಪ್ರಿನ್ಸ್‌ಟನ್, 1997ರಿಂದ ಕ್ಯಾಲಿಫೋರ್ನಿಯಾದ ಡೇವಿಸ್, 2019ರಲ್ಲಿ ಮತ್ತೆ ಅರಿಜೋನಾ. ಕೈಹಾಕಿದ ವಸ್ತುಗಳೋ ಹತ್ತಾರು: ಸ್ಪಿನೆಲ್, ಭೂಮಿಯ ಆಳದ ಸಿಲಿಕೇಟ್, ಜಿಯೋಲೈಟ್, ನ್ಯಾನೋ ಆಕ್ಸೈಡ್. ಭೂವಿಜ್ಞಾನಿಗಳು ಇವರನ್ನು ತಮ್ಮವರೆನ್ನುತ್ತಾರೆ, ವಸ್ತುವಿಜ್ಞಾನಿಗಳು ತಮ್ಮವರೆನ್ನುತ್ತಾರೆ. ಈ ಎಲ್ಲದರ ಹಿಂದೆ ಇರುವ ಮುಖ್ಯ ಸಲಕರಣೆ ಮಾತ್ರ ಒಂದೇ, ಬಿಸಿ ಕುಲುಮೆಯೊಳಗಿನ ಕ್ಯಾಲೊರಿಮೀಟರ್, ಅಂದರೆ ಶಾಖ ಅಳೆಯುವ ಉಪಕರಣ.

ಯಾಕೆ ಕರಗಿಸಬೇಕು?

ಮೆಗ್ನೀಸಿಯಂ ಆಕ್ಸೈಡ್ ಮತ್ತು ಸಿಲಿಕಾ ಸೇರಿ ಫಾರ್ಸ್ಟರೈಟ್ ಎಂಬ ಖನಿಜ ಆಗುವಾಗ ಎಷ್ಟು ಶಾಖ ಹೊರಬರುತ್ತದೆ ಎಂದು ತಿಳಿಯಬೇಕು. ಎರಡು ಪುಡಿಗಳನ್ನು ಬೆರೆಸಿ ಅಳೆಯೋಣವೆಂದರೆ ಅವು ಜಪ್ಪಯ್ಯ ಎಂದರೂ ಕದಲುವುದಿಲ್ಲ. ಕುಲುಮೆಯಲ್ಲಿ ಕಾಯಿಸಿದರೆ ಸೇರುತ್ತವೆ, ಆದರೆ ಅಷ್ಟು ನಿಧಾನವಾಗಿ ಬರುವ ಶಾಖವನ್ನು ಯಾವ ಕ್ಯಾಲೊರಿಮೀಟರೂ ನೆಚ್ಚಿಕೊಂಡು ಅಳೆಯಲಾರದು. ಆಮ್ಲದಲ್ಲಿ ಕರಗಿಸೋಣವೆಂದರೆ ಕೊರಂಡಮ್‌ನಂಥ (ಅಲ್ಯುಮಿನಿಯಂ ಆಕ್ಸೈಡಿನ ಹರಳು) ಆಕ್ಸೈಡ್‌ಗಳು ಆಮ್ಲಕ್ಕೂ ಜಗ್ಗುವುದಿಲ್ಲ.

ಉಪಾಯ ಇದು. ಸುಮಾರು 700 ಡಿಗ್ರಿ ಸೆಲ್ಸಿಯಸ್‌ನಲ್ಲಿ ದ್ರವವಾಗಿರುವ ಲೆಡ್ ಬೋರೇಟ್ ಅಥವಾ ಸೋಡಿಯಂ ಮಾಲಿಬ್ಡೇಟನ್ನು ಪ್ಲಾಟಿನಂ ಮೂಸೆಯಲ್ಲಿ ಇಟ್ಟುಕೊಳ್ಳುವುದು. ಪುಡಿಯನ್ನು ಒತ್ತಿ ಮಾಡಿದ ಸುಮಾರು 5 ಮಿಲಿಗ್ರಾಂ ಗುಳಿಗೆಯನ್ನು ಕೋಣೆಯ ಉಷ್ಣತೆಯಿಂದ ನೇರವಾಗಿ ಅದರೊಳಕ್ಕೆ ಬೀಳಿಸುವುದು. ಗುಳಿಗೆ ಬಿಸಿಯಾಗುತ್ತದೆ, ಕರಗುತ್ತದೆ. ಸುತ್ತಲಿನ ಉಷ್ಣಯುಗ್ಮಗಳ ಸಾಲು ಆ ಹೊತ್ತಿನ ಶಾಖದ ಹರಿವನ್ನು ವೋಲ್ಟೇಜಾಗಿ ಬರೆದಿಡುತ್ತದೆ. ರೇಖೆ ಏರಿ, ಮತ್ತೆ ಮೊದಲಿನ ಮಟ್ಟಕ್ಕೆ ಇಳಿದಾಗ ಕೆಳಗಿನ ಕ್ಷೇತ್ರಫಲವೇ ನಮಗೆ ಬೇಕಾದ ಶಾಖ. ಮೈಕ್ರೋವೋಲ್ಟನ್ನು ಜೂಲಿಗೆ ತಿರುಗಿಸಲು ಮೊದಲೇ ಕೊರಂಡಮ್ ತುಣುಕುಗಳನ್ನು ಬೀಳಿಸಿ ಹದ ನೋಡಿಕೊಂಡಿರುತ್ತಾರೆ. ಅದನ್ನು ಅಷ್ಟು ಬಿಸಿಮಾಡಲು ಬೇಕಾದ ಶಾಖ ನಿಖರವಾಗಿ ಗೊತ್ತಿರುವುದರಿಂದ ಅದೇ ತೂಕದ ಬಟ್ಟು.

ಈಗ ಮೈನಸ್

ಎಲ್ಲ ಪಠ್ಯಪುಸ್ತಕಗಳಲ್ಲೂ ನಾವು ಉರುಹೊಡೆದದ್ದು: ಉತ್ಪನ್ನಗಳ ಮೊತ್ತದಿಂದ ಪ್ರತಿವರ್ತಕಗಳ ಮೊತ್ತವನ್ನು ಕಳೆ. ನಾನೂ ಹಾಗೆಯೇ ಮಾಡಿದೆ. ಉದಾಹರಣೆಗೆಂದು ಕಟ್ಟಿಕೊಂಡ ಅಂಕಿಗಳನ್ನು ನೋಡಿ (ಇವು ಯಾವ ವಸ್ತುವಿನವೂ ಅಲ್ಲ): ಒಂದು ಆಕ್ಸೈಡ್ ಕರಗಲು 40 ಕಿಲೋಜೂಲ್, ಇನ್ನೊಂದಕ್ಕೆ 35, ಎರಡೂ ಸೇರಿದ ಸಂಯುಕ್ತಕ್ಕೆ 105. ನನ್ನ ಲೆಕ್ಕ: 105 − 75 = +30. ಅಂದರೆ ಸಂಯುಕ್ತ ಅಸ್ಥಿರ. ಸಾಲದ್ದಕ್ಕೆ ಯಾಕೆ ಅಸ್ಥಿರ ಎಂದು ಅರ್ಧ ಪುಟ ಕಾರಣವನ್ನೂ ಬರೆದಿಟ್ಟೆ. ತಪ್ಪು ಉತ್ತರಕ್ಕೆ ಕಾರಣ ಹೊಸೆಯುವುದು ಎಷ್ಟು ಸುಲಭ ಎಂದು ಅಂದೇ ಗೊತ್ತಾದದ್ದು.

ಸರಿಯಾದದ್ದು 75 − 105 = −30. ಬಿಡಿ ಆಕ್ಸೈಡ್‌ಗಳ ಮೊತ್ತದಿಂದ ಸಂಯುಕ್ತವನ್ನು ಕಳೆಯಬೇಕು. ಸೂತ್ರವನ್ನು ಬಾಯಿಪಾಠ ಮಾಡಬಹುದಿತ್ತು, ಆದರೆ ಪರೀಕ್ಷೆಯ ಗಾಬರಿಯಲ್ಲಿ ಮತ್ತೆ ತಿರುಗಿಬಿಡುತ್ತದೆ ಎಂಬ ಅನುಮಾನವಿತ್ತು. ಅದಕ್ಕೆ ಬಾವಿ ಹೊಕ್ಕೆ. ಎರಡು ಕೊಡಗಳು ಬೇರೆಬೇರೆ ಆಳದಲ್ಲಿವೆ, ಎರಡನ್ನೂ ಒಂದೇ ಕಟ್ಟೆಗೆ ಎಳೆದು ತರುತ್ತೇನೆ. ಯಾವುದಕ್ಕೆ ಹೆಚ್ಚು ಹಗ್ಗ ಬೇಕಾಯಿತೋ ಅದು ಹೆಚ್ಚು ಕೆಳಗಿತ್ತು. ಕಟ್ಟೆ ಎಂದರೆ ಕರಗಿದ ಸ್ಥಿತಿ, ಹಗ್ಗ ಎಂದರೆ ಕರಗಲು ಬೇಕಾದ ಶಾಖ, ಆಳ ಎಂದರೆ ಸ್ಥಿರತೆ. ಸಂಯುಕ್ತಕ್ಕೆ 105 ಮಾರು ಹಗ್ಗ, ಬಿಡಿಗಳಿಗೆ ಒಟ್ಟು 75. ಹಾಗಾದರೆ ಸಂಯುಕ್ತ 30 ಮಾರು ಕೆಳಗೆ ಕೂತಿದೆ. ಕೆಳಗೆ ಎಂದರೆ ಮೈನಸ್.

ಹಾಗಾದರೆ ಪಠ್ಯಪುಸ್ತಕದ ನಿಯಮ ಸುಳ್ಳೇ? ಅಲ್ಲ. ರಚನಾ ಎಂಥಾಲ್ಪಿಯ ಕೋಷ್ಟಕದಲ್ಲಿ ಎಲ್ಲರೂ ಒಂದೇ ಕಡೆಯಿಂದ, ಅಂದರೆ ಮೂಲಧಾತುಗಳಿಂದ ಹೊರಡುತ್ತಾರೆ. ಇಲ್ಲಿ ಹೊರಡುವ ಜಾಗ ಬೇರೆ ಬೇರೆ, ಸೇರುವ ಜಾಗ ಒಂದೇ. ದಾರಿ ತಿರುಗಿದ್ದಕ್ಕೆ ಚಿಹ್ನೆಯೂ ತಿರುಗುತ್ತದೆ. ಇದು ಹೊಸತೂ ಅಲ್ಲ. ಪಿಯುಸಿಯಲ್ಲಿ ದಹನ ಎಂಥಾಲ್ಪಿಯ ಲೆಕ್ಕ ಮಾಡುವಾಗ ಎಲ್ಲವೂ ಕೊನೆಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುತ್ತಿತ್ತು. ಅಲ್ಲೂ ಪ್ರತಿವರ್ತಕಗಳಿಂದಲೇ ಉತ್ಪನ್ನಗಳನ್ನು ಕಳೆಯುತ್ತಿದ್ದೆವು. ಅದು ನೆನಪಾದ ಕ್ಷಣ ನಾಲ್ಕು ದಿನದ ಗಂಟು ಬಿಚ್ಚಿತು.

ಕಟ್ಟೆ ನಿಜಕ್ಕೂ ಒಂದೇ ಆಗಿರಬೇಕು ಎಂಬುದು ಇದರ ಷರತ್ತು. ಸುಮಾರು 20 ಗ್ರಾಂ ದ್ರಾವಕಕ್ಕೆ ಬರೀ 5 ಮಿಲಿಗ್ರಾಂ ಗುಳಿಗೆ ಯಾಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಅಷ್ಟು ತೆಳುವಾದ ದ್ರಾವಣದಲ್ಲಿ ಕರಗಿದ ಅಯಾನುಗಳಿಗೆ ಪರಸ್ಪರ ಮುಖಪರಿಚಯವೇ ಇರುವುದಿಲ್ಲ, ತಾವು ಸಂಯುಕ್ತದಿಂದ ಬಂದೆವೋ ಬಿಡಿ ಆಕ್ಸೈಡ್‌ನಿಂದ ಬಂದೆವೋ ಎಂಬ ಗುರುತೂ ಉಳಿಯುವುದಿಲ್ಲ.

ಮೂರು ಗೆರೆಗಳು

ನನಗೆ ತುಂಬಾ ಹಿಡಿಸಿದ್ದು ಟೈಟಾನಿಯಂ ಡೈಆಕ್ಸೈಡ್‌ನ ಕೆಲಸ. ಅವರ ತಂಡದ ಪ್ರಬಂಧ 2002ರಲ್ಲಿ ಬಂತು. ಒಂದೇ ಸೂತ್ರದ ಈ ವಸ್ತುವಿಗೆ ರೂಟೈಲ್, ಬ್ರೂಕೈಟ್, ಅನಟೇಸ್ ಎಂಬ ಮೂರು ರೂಪಗಳು. ದಪ್ಪ ಹರಳಿನಲ್ಲಿ ರೂಟೈಲ್ ಎಲ್ಲಕ್ಕಿಂತ ಸ್ಥಿರ. ಅದಕ್ಕಿಂತ ಮೋಲಿಗೆ ಬ್ರೂಕೈಟ್ 0.71, ಅನಟೇಸ್ 2.61 ಕಿಲೋಜೂಲ್ ಮೇಲಿವೆ. ಆದರೆ ನ್ಯಾನೋ ಪುಡಿ ತಯಾರಿಸಿದಾಗ ಹೆಚ್ಚಾಗಿ ಕಾಣುವುದು ಅನಟೇಸ್. ಯಾಕೆ?

ಮೇಲ್ಮೈಗೂ ಒಂದು ಬೆಲೆ ಇದೆ. ಚದರ ಮೀಟರಿಗೆ ರೂಟೈಲ್ 2.2 ಜೂಲ್, ಬ್ರೂಕೈಟ್ 1.0, ಅನಟೇಸ್ 0.4. ಇನ್ನು ಇದು ಹೈಸ್ಕೂಲಿನ ಸರಳರೇಖೆಯ ಲೆಕ್ಕ: ದಪ್ಪ ಹರಳಿನ ಎಂಥಾಲ್ಪಿ ಗೆರೆಯ ಆರಂಭ, ಮೇಲ್ಮೈ ಎಂಥಾಲ್ಪಿ ಅದರ ಇಳಿಜಾರು. ರೂಟೈಲ್ ಕೆಳಗಿನಿಂದ ಹೊರಟರೂ ಕಡಿದಾಗಿ ಏರುತ್ತದೆ. ಆರಂಭಗಳ ಅಂತರವನ್ನು (ಜೂಲಿನಲ್ಲಿ) ಇಳಿಜಾರುಗಳ ಅಂತರದಿಂದ ಭಾಗಿಸಿದರೆ ಎರಡು ಗೆರೆ ಸಂಧಿಸುವ ಜಾಗ ಸಿಗುತ್ತದೆ. ಬ್ರೂಕೈಟನ್ನು ಸಂಧಿಸುವುದು 710 ÷ 1.2, ಅಂದರೆ ಮೋಲಿಗೆ ಸುಮಾರು 592 ಚದರ ಮೀಟರಿನಲ್ಲಿ. ಬ್ರೂಕೈಟನ್ನು ಅನಟೇಸ್ ಹಿಂದಿಕ್ಕುವುದು 1900 ÷ 0.6, ಸುಮಾರು 3170ರಲ್ಲಿ. ಮೋಲಿನ ತೂಕ 80 ಗ್ರಾಂನಿಂದ ಭಾಗಿಸಿದರೆ ಗ್ರಾಮಿಗೆ ಸುಮಾರು 7 ಮತ್ತು 40 ಚದರ ಮೀಟರ್. ಗೋಳಾಕಾರದ ಕಣ ಎಂದುಕೊಂಡರೆ ಈ 40 ಎಂಬುದು 40 ನ್ಯಾನೋಮೀಟರಿನ ಆಸುಪಾಸಿನ ಗಾತ್ರ. ಅದಕ್ಕಿಂತ ಸಣ್ಣದಾದರೆ ಗೆಲ್ಲುವುದು ಅನಟೇಸ್. ಪುಡಿಯನ್ನು ಕಾಯಿಸಿದಾಗ ಕಣಗಳು ಬೆಳೆದು ಮೇಲ್ಮೈ ಕುಗ್ಗುತ್ತದೆ, ಆಗ ಮತ್ತೆ ರೂಟೈಲಿನ ಸರದಿ.

ಅಲ್ಯುಮಿನಾದಲ್ಲೂ (ಅಲ್ಯುಮಿನಿಯಂ ಆಕ್ಸೈಡ್) ಇದೇ ಕಥೆ: ಗ್ರಾಮಿಗೆ ಸುಮಾರು 125 ಚದರ ಮೀಟರ್ ದಾಟಿದರೆ ಶಕ್ತಿಯ ಲೆಕ್ಕದಲ್ಲಿ ಅದರ ಆಲ್ಫಾ ರೂಪಕ್ಕಿಂತ ಗಾಮಾ ರೂಪ ಕೆಳಗಿಳಿಯುತ್ತದೆ. ಭೂಮಿಯ ಆಳದ ಖನಿಜಗಳ ಭಾಗವನ್ನು ನಾನು ಹಾರಿಸಿದ್ದೇನೆ, ಅದಕ್ಕೆ ಒತ್ತಡ ಮತ್ತು ಉಷ್ಣತೆಯನ್ನು ಜೋಡಿಸುವ ಕ್ಲೇಪೈರಾನ್ ಸಮೀಕರಣ ಬೇಕು, ಅದು ಇನ್ನೊಂದು ದಿನದ ಜಗಳ.

ನೀರು

ಎಲ್ಲ ಮುಗಿಯಿತು ಎಂದುಕೊಂಡಾಗ ಕಂಡದ್ದು ಇದು. ನ್ಯಾನೋ ಪುಡಿ ಗಾಳಿಯ ತೇವವನ್ನು ಹೀರಿಕೊಂಡೇ ಇರುತ್ತದೆ. ಗುಳಿಗೆಯ ಜೊತೆ ಆ ನೀರೂ ಕುಲುಮೆಗೆ ಬಿದ್ದು ಆವಿಯಾಗುತ್ತದೆ. 25 ಡಿಗ್ರಿಯ ದ್ರವ ನೀರನ್ನು 700 ಡಿಗ್ರಿಯ ಆವಿಯಾಗಿಸಲು ಮೋಲಿಗೆ ಸುಮಾರು 69 ಕಿಲೋಜೂಲ್ ಬೇಕು. ತೂಕದಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ನೀರಿದೆ ಎಂದುಕೊಳ್ಳಿ. ಒಂದು ಮೋಲ್ ಟೈಟಾನಿಯಂ ಡೈಆಕ್ಸೈಡ್‌ಗೆ 0.8 ಗ್ರಾಂ, ಅಂದರೆ ಸುಮಾರು 0.044 ಮೋಲ್ ನೀರು. ಅದರ ಶಾಖ ಸುಮಾರು 3 ಕಿಲೋಜೂಲ್. ನಾವು ಹುಡುಕುತ್ತಿರುವ ರೂಟೈಲ್ ಮತ್ತು ಅನಟೇಸ್‌ಗಳ ಇಡೀ ಅಂತರ 2.61!

ಸೆಮಿನಾರಿನಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ಇಲ್ಲಿಯೇ ಕೇಳುತ್ತಾರೆ ಎಂದು ನನ್ನ ಅಂದಾಜು. ಗುಳಿಗೆಯನ್ನು ತೂಗುವ ಮೊದಲು ಅದರಲ್ಲಿ ಎಷ್ಟು ನೀರಿದೆ ಎಂದು ಕಾಯಿಸಿ ತೂಗಿ ನೋಡಿಟ್ಟಿರಬೇಕು. ಆ ನೀರು ಮೇಲ್ಮೈಗೆ ಅಂಟಿಕೊಂಡಿರುವ ಬಿಗಿಯೂ ಲೆಕ್ಕಕ್ಕೆ ಸೇರಬೇಕು, ಯಾಕೆಂದರೆ ಹಿಡಿದಿಟ್ಟ ನೀರನ್ನು ಬಿಡಿಸಲು ಬಿಡಿ ನೀರಿಗಿಂತ ಹೆಚ್ಚು ಹಗ್ಗ ಬೇಕು.