ಎಲ್ಲಿ ಕರಗಬಾರದು ಎಂಬ ಲೆಕ್ಕ

ಹುಬ್ಬಳ್ಳಿ ಗೋಕುಲ ರಸ್ತೆಯ ನಮ್ಮ ಶೆಡ್ಡಿಗೆ ಹೋದ ತಿಂಗಳು ತಾರಿಹಾಳದಿಂದ ಒಬ್ಬರು ನಾಝಲ್ ಹಿಡಿದು ಬಂದಿದ್ದರು. 316 ಸ್ಟೇನ್‌ಲೆಸ್ ಸ್ಟೀಲ್, ಒಂದು ಮಿಲಿಮೀಟರ್ ದಪ್ಪ, ಅದರಲ್ಲಿ 200 ಮೈಕ್ರಾನಿನ, ಅಂದರೆ 0.2 ಮಿಲಿಮೀಟರಿನ ತೂತು ಬೇಕು. ಡ್ರಿಲ್ ಬಿಟ್ ಮುರಿದು ಮುರಿದು ಸಾಕಾಗಿತ್ತು. ಕಿಡಿಯಿಂದ ಲೋಹ ಕರಗಿಸುವ ಸ್ಪಾರ್ಕ್ ಮಷೀನಿನಲ್ಲಿ ಮಾಡಿಸಿದ್ದಕ್ಕೆ ತೂತಿನ ಗೋಡೆಯ ಮೇಲೆ ಕರಗಿ ಮತ್ತೆ ಹೆಪ್ಪುಗಟ್ಟಿದ ಪದರ, ಅದರಲ್ಲಿ ಕೂದಲೆಳೆಯಂಥ ಬಿರುಕು. “ಸರ, ನಿಮ್ಮ ಕೆಮಿಕಲ್ ಮಷೀನಿಗೆ ಎಷ್ಟ್ ಮೈಕ್ರಾನ್ ಆಕ್ಯುರಸಿ ಐತ್ರಿ?” ಎಂದರು.

“ಟೂಲ್ ಸರಿಸೋ ಸ್ಲೈಡ್ ಒಂದು ಮೈಕ್ರಾನ್ ಲೆಕ್ಕದಾಗ ಸರೀತದರಿ. ಆದ್ರ ತೂತು ಸ್ಲೈಡಿನ ಮಾತು ಕೇಳೂದಿಲ್ಲ” ಎಂದೆ. ಅವರಿಗೆ ಅಂದು ಹೇಳಿದ್ದನ್ನೇ ಇಲ್ಲಿ ತುಸು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮದು ಎಲೆಕ್ಟ್ರೋಕೆಮಿಕಲ್ ಮಷೀನಿಂಗ್, ಅಂದರೆ ಕರೆಂಟಿನಿಂದ ಲೋಹವನ್ನು ದ್ರಾವಣದಲ್ಲಿ ಕರಗಿಸಿ ಕೊರೆಯುವ ವಿಧಾನ. ಜಾಬಿಗೆ (ಕೊರೆಯಬೇಕಾದ ತುಂಡಿಗೆ) ಪ್ಲಸ್, ಕೊರೆಯುವ ಟೂಲಿಗೆ ಮೈನಸ್, ನಡುವಿನ ಸಣ್ಣ ಸಂದಿಯಲ್ಲಿ ಲವಣದ ದ್ರಾವಣ. ಕರೆಂಟ್ ಹರಿದಾಗ ಜಾಬಿನ ಲೋಹ ಅಯಾನಾಗಿ ಕಳಚಿಕೊಳ್ಳುತ್ತದೆ. ಟೂಲಿನ ಮೇಲೆ ಹೈಡ್ರೋಜನ್ ಗುಳ್ಳೆ ಏಳುತ್ತದೆ ಅಷ್ಟೇ, ಟೂಲ್ ಸವೆಯುವುದಿಲ್ಲ. ಲೋಹವನ್ನು ಹದ ಹಾಕಿ ಎಷ್ಟೇ ಗಟ್ಟಿ ಮಾಡಿರಲಿ, ಕರಗುವ ವೇಗಕ್ಕೆ ಅದು ಅಡ್ಡ ಬರುವುದಿಲ್ಲ. ಫ್ಯಾರಡೇ 1830ರ ದಶಕದಲ್ಲಿ ಕೊಟ್ಟ ನಿಯಮದಿಂದ ಲೆಕ್ಕ ಹಾಕಿದರೆ, ಒಂದು ಆಂಪಿಯರ್ ಕರೆಂಟಿಗೆ ಕಬ್ಬಿಣ ನಿಮಿಷಕ್ಕೆ ಸುಮಾರು 2.2 ಘನ ಮಿಲಿಮೀಟರ್ ಕರಗುತ್ತದೆ. ಆ ನಾಝಲ್ ತೂತಿನಿಂದ ತೆಗೆಯಬೇಕಾದ ಲೋಹ ಬರೀ 0.03 ಘನ ಮಿಲಿಮೀಟರ್. ಕಾಗದದ ಮೇಲೆ ಒಂದು ಸೆಕೆಂಡಿನ ಕೆಲಸ! ನಾವು ಅದಕ್ಕೆ ಎಷ್ಟೋ ಪಟ್ಟು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇವೆ. ಆ ಹೊತ್ತೆಲ್ಲ ಹೋಗುವುದು ಪಕ್ಕದ ಲೋಹ ಕರಗದಂತೆ ಕಾಯುವುದಕ್ಕೆ.

ಒಂದೇ ಸಮನೆ ಹರಿಯುವ ಡಿಸಿ ಕರೆಂಟ್ ಕೊಟ್ಟರೆ ಅದು ಟೂಲಿನ ತುದಿಯಿಂದಷ್ಟೇ ಅಲ್ಲ, ಮೈಯಿಂದಲೂ ಹರಿಯುತ್ತದೆ. ತೂತಿನ ಬಾಯಿ ಗಂಟೆಯ ಹಾಗೆ ಅಗಲವಾಗುತ್ತದೆ. ಟೂಲಿನ ಮೈಗೆ ಇನ್ಸುಲೇಷನ್ ಲೇಪಿಸಿ ತುದಿ ಮಾತ್ರ ಬಿಟ್ಟರೆ ಈ ಅಗಲಿಕೆ (ಟೇಪರ್) ತಗ್ಗುತ್ತದೆ, ಆದರೆ ಲೇಪ ತುದಿಯಲ್ಲಿ ತುಸು ಎದ್ದರೂ ಕೆಟ್ಟಿತು. ಹೆಚ್ಚು ಭರವಸೆಯ ದಾರಿ ಪಲ್ಸ್, ಅಂದರೆ ಕರೆಂಟನ್ನು ತುಣುಕು ತುಣುಕಾಗಿ, ನಡುನಡುವೆ ಬಿಡುವು ಕೊಟ್ಟು ಹರಿಸುವುದು.

ಪಲ್ಸ್ ಯಾಕೆ ಕೆಲಸ ಮಾಡುತ್ತದೆ ಎಂದು ಹುಬ್ಬಳ್ಳಿ-ಧಾರವಾಡದವರಿಗೆ ತಿಳಿಸುವುದು ಸುಲಭ. ನಮ್ಮ ಓಣಿಗೆ ನಳ ಬಿಡುವುದನ್ನು ನೆನಪಿಸಿಕೊಳ್ಳಿ. ವಾಲ್ವ್‌ಮನ್ ಹತ್ತೇ ನಿಮಿಷ ನೀರು ಬಿಟ್ಟು ಬಂದ್ ಮಾಡಿದ ಅಂದುಕೊಳ್ಳಿ. ವಾಲ್ವಿನ ಪಕ್ಕದ ಮನೆಯ ಟಾಕಿ ತುಂಬಿ ಹರಿದಿರುತ್ತದೆ, ಓಣಿಯ ತುದಿಯ ಮನೆಯ ಟಾಕಿಯಲ್ಲಿ ತಳವೂ ಒದ್ದೆಯಾಗಿರುವುದಿಲ್ಲ. ಲೋಹ ಮತ್ತು ದ್ರಾವಣ ಕೂಡುವ ಮೇಲ್ಮೈಯಲ್ಲೂ ಇಂಥದೇ ಒಂದು ಟಾಕಿ ಇದೆ: ವಿದ್ಯುದಾವೇಶ ತುಂಬಿಕೊಳ್ಳುವ ತೀರ ತೆಳುವಾದ ಪದರ. ಅದು ಸಾಕಷ್ಟು ತುಂಬಿದ ಮೇಲೆಯೇ ಲೋಹ ಕರಗತೊಡಗುತ್ತದೆ. ತುಂಬಲು ಬೇಕಾದ ಹೊತ್ತು ಟೂಲಿನಿಂದ ಇರುವ ದೂರಕ್ಕೆ ತಕ್ಕಂತೆ ಬೆಳೆಯುತ್ತದೆ. ಲವಣ ಕಡಿಮೆ ಇರುವ ದ್ರಾವಣದಲ್ಲಿ ಒಂದು ಮೈಕ್ರಾನ್ ದೂರಕ್ಕೆ ಸುಮಾರು 30 ನ್ಯಾನೋಸೆಕೆಂಡ್ (ಒಂದು ನ್ಯಾನೋಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು) ಎಂದರೆ ಹತ್ತು ಮೈಕ್ರಾನಿಗೆ 300. ಪಲ್ಸನ್ನು 50 ನ್ಯಾನೋಸೆಕೆಂಡಿಗೆ ಕಡಿದರೆ ಹತ್ತಿರದ ಲೋಹ ಕರಗುತ್ತದೆ, ದೂರದ್ದು ಹಾಗೇ ಉಳಿಯುತ್ತದೆ. ಬರ್ಲಿನ್ನಿನ ರೋಲ್ಫ್ ಶುಸ್ಟರ್, ಗೆರ್ಹಾರ್ಡ್ ಎರ್ಟ್ಲ್ ಮತ್ತು ಸಂಗಡಿಗರು 2000ರಲ್ಲಿ ಇದನ್ನು ಮಾಡಿ ತೋರಿಸಿದರು. ಎರ್ಟ್ಲ್ ಅವರಿಗೆ ಮೇಲ್ಮೈ ರಸಾಯನಶಾಸ್ತ್ರದ ಕೆಲಸಕ್ಕಾಗಿ 2007ರಲ್ಲಿ ನೊಬೆಲ್ ಬಂತು.

ನಮ್ಮಂಥ ಸಣ್ಣ ಶೆಡ್ಡಿನಲ್ಲಿ ಕೆಲಸ ನಡೆಯುವುದು ಮೈಕ್ರೋಸೆಕೆಂಡಿನ ಪಲ್ಸಿನಲ್ಲಿ. ಆದರೂ ಲೆಕ್ಕ ಅದೇ. ಹೊಸಬರು ಪಲ್ಸ್ ಎಷ್ಟು ಹೊತ್ತು ಇರಬೇಕೆಂದು ಕೇಳುತ್ತಾರೆ, ಬಿಡುವು ಎಷ್ಟಿರಬೇಕೆಂದು ಯಾರೂ ಕೇಳುವುದಿಲ್ಲ. ಬಿಡುವಿನಲ್ಲಿ ಟಾಕಿಗಳು ಖಾಲಿಯಾಗಬೇಕು, ಇಲ್ಲವಾದರೆ ದೂರದ ಟಾಕಿಯೂ ಹನಿಹನಿಯಾಗಿ ತುಂಬುತ್ತ ಬಂದು ಅಲ್ಲೂ ಲೋಹ ಕರಗತೊಡಗುತ್ತದೆ. ಗುಳ್ಳೆ, ಗಸಿ, ಬಿಸಿ ಎಲ್ಲ ಸಂದಿಯಿಂದ ಹೊರಹೋಗುವುದೂ ಆಗಲೇ. ನಾನು ಬಿಡುವನ್ನು ಪಲ್ಸಿನ ಹತ್ತು ಪಟ್ಟು ಇಟ್ಟು ಶುರು ಮಾಡುತ್ತೇನೆ. ಪವರ್ ಸಪ್ಲೈಯಿಂದ ಟೂಲಿಗೆ ಹೋಗುವ ಕೇಬಲ್ ಸಾಧ್ಯವಾದಷ್ಟು ಗಿಡ್ಡ ಇರಲಿ. ಉದ್ದ ಕೇಬಲ್ಲಿನಲ್ಲಿ ಪಲ್ಸಿನ ಅಂಚು ಮೊಂಡಾಗುತ್ತದೆ, ಕಟಿಂಗ್ ನಿಧಾನವಾಯಿತೆಂದು ಹುಡುಗರು ವೋಲ್ಟೇಜ್ ಏರಿಸುತ್ತಾರೆ, ತೂತು ಹಿಗ್ಗುತ್ತದೆ. ಪಲ್ಸಿನ ಆಕಾರ ತೋರಿಸುವ ಆಸಿಲೋಸ್ಕೋಪನ್ನು ಸಪ್ಲೈಯ ಬಾಯಿಗೆ ಹಚ್ಚಿ ನೋಡಿ ಉಪಯೋಗವಿಲ್ಲ, ಟೂಲಿನ ಹತ್ತಿರ ಹಚ್ಚಬೇಕು.

ಆ ನಾಝಲ್ ಜಾಬಿನಲ್ಲಿ ನಮಗೂ ಒಂದು ಪೆಟ್ಟು ಬಿತ್ತು. ಮಂಗಳವಾರ ಚಲೋ ಬಂದ ತೂತು ಗುರುವಾರ ಅದೇ ಸೆಟ್ಟಿಂಗಿನಲ್ಲಿ ಬಾಯಿ ಬಿಟ್ಟುಕೊಂಡಿತು, ಸುತ್ತಲೂ ಮಬ್ಬು ಉಂಗುರದಂಥ ಕಲೆ. ಟೂಲ್ ಸವೆಯುವುದಿಲ್ಲವಾದ್ದರಿಂದ ಅದರ ಮೇಲೆ ಸಂಶಯ ಬರಲಿಲ್ಲ. ಸ್ಕೋಪಿನಲ್ಲಿ ಪಲ್ಸ್ ಸರಿ ಇತ್ತು, ದ್ರಾವಣದಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆಂದು ತೋರಿಸುವ ಕಂಡಕ್ಟಿವಿಟಿ ಮೀಟರಿನ ಅಂಕಿಯೂ ಸರಿ ಇತ್ತು. ಕಡೆಗೆ ಮಷೀನಿನ ದ್ರಾವಣದ ಟಾಕಿಯಿಂದ ಅರ್ಧ ಚಮಚ ದ್ರಾವಣವನ್ನು ಗಾಜಿನ ನಳಿಕೆಗೆ ತೆಗೆದು ಸಿಲ್ವರ್ ನೈಟ್ರೇಟ್ ಎರಡು ಹನಿ ಬಿಟ್ಟೆ. ಮೊಸರು ಒಡೆದಂತೆ ಬಿಳಿ ಗಡ್ಡೆ ಇಳಿಯಿತು. ಕ್ಲೋರೈಡ್! ನಮ್ಮ ದ್ರಾವಣ ಸೋಡಿಯಂ ನೈಟ್ರೇಟಿನದು, ಕ್ಲೋರೈಡ್ ಇರುವುದು ಉಪ್ಪಿನಲ್ಲಿ. ಸೋಡಿಯಂ ನೈಟ್ರೇಟಿನ ಡಬ್ಬಿಯ ಮಗ್ಗುಲಲ್ಲೇ ಉಪ್ಪಿನ ಡಬ್ಬಿ ಇತ್ತು, ಎರಡೂ ಬಿಳಿ ಹರಳು. ಕಂಡಕ್ಟಿವಿಟಿ ಇಳಿದಿದೆಯೆಂದು ಹುಡುಗ ಉಪ್ಪಿನ ಡಬ್ಬಿಯಿಂದ ಸುರಿದು ಮೀಟರ್ ಸರಿ ಮಾಡಿದ್ದ. ತಪ್ಪು ಅವನದಲ್ಲ. ಡಬ್ಬಿಗಳಿಗೆ ಚೀಟಿ ಹಚ್ಚದೆ ಬಿಟ್ಟವನು ನಾನು.

ಕರೆಂಟ್ ವಿರಳವಾಗಿರುವ ಕಡೆ ನೈಟ್ರೇಟ್ ಸ್ಟೀಲಿನ ಮೇಲೆ ರಕ್ಷಣೆಯ ಆಕ್ಸೈಡ್ ಪೊರೆಯನ್ನು ಉಳಿಸುತ್ತದೆ. ದಟ್ಟವಾಗಿರುವ ಕಡೆ ಮಾತ್ರ ಲೋಹ ಬಿಟ್ಟುಕೊಡುತ್ತದೆ. ಕ್ಲೋರೈಡ್ ಆ ಪೊರೆಯನ್ನು ಎಲ್ಲೆಡೆ ಒಡೆಯುತ್ತದೆ. ಉಪ್ಪು ಅಗ್ಗ, ವೇಗ ಹೆಚ್ಚು, ದೊಡ್ಡ ಜಾಬಿಗೆ ನಡೆದೀತು. ಮೈಕ್ರಾನ್ ಕೆಲಸಕ್ಕೆ ನಾನು ಅದನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ಕಾರ್ಬೈಡ್ ಬೇರೆಯೇ ಪಾಠ. ಟಂಗ್‌ಸ್ಟನ್ ಕಾರ್ಬೈಡಿನ ಕಾಳುಗಳನ್ನು ಕೋಬಾಲ್ಟ್ ಅಂಟು ಹಿಡಿದಿರುತ್ತದೆ, ಇವೆರಡರ ಸ್ವಭಾವ ಎದುರುಬದುರು. ಬರೀ ನೈಟ್ರೇಟಿನಲ್ಲಿ ಕೋಬಾಲ್ಟ್ ಕರಗಿ, ಕಾಳುಗಳ ಮೇಲೆ ಟಂಗ್‌ಸ್ಟನ್ ಆಕ್ಸೈಡ್ ಕೂತು ಕೆಲಸ ನಿಲ್ಲುತ್ತದೆ. ಕಾಸ್ಟಿಕ್ ಸೋಡಾದಲ್ಲಿ ಆ ಆಕ್ಸೈಡ್ ಕರಗುತ್ತದೆ, ಆದರೆ ಕೋಬಾಲ್ಟ್ ಪೊರೆ ಹೊದ್ದು ಮಲಗುತ್ತದೆ. ಅದಕ್ಕೇ ಎರಡನ್ನೂ ಬೆರೆಸಿದ ದ್ರಾವಣ ಬೇಕು, ಬೆರಕೆಯ ಪ್ರಮಾಣವನ್ನು ಆಯಾ ಗ್ರೇಡಿನ ತುಂಡಿನ ಮೇಲೆ ಮಾಡಿ ನೋಡಿಯೇ ಗೊತ್ತುಮಾಡಬೇಕು. ಮೈಕ್ರೋಸ್ಕೋಪಿನಲ್ಲಿ ಅಂಚು ರವೆ ಉದುರಿದಂತೆ ಕಂಡರೆ ಕೋಬಾಲ್ಟ್ ಮುಂದೋಡಿದೆ ಎಂದರ್ಥ.

ಗಸಿಯ ಬಗ್ಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ. ಸ್ಟೇನ್‌ಲೆಸ್ ಸ್ಟೀಲನ್ನು ನೈಟ್ರೇಟಿನಲ್ಲಿ ಕರಗಿಸಿದಾಗ ದ್ರಾವಣ ಹಳದಿಗೆ ತಿರುಗಿದರೆ ಅದು ಆರು ವೇಲೆನ್ಸಿಯ ಕ್ರೋಮಿಯಂ, ಕ್ಯಾನ್ಸರ್ ತರುವ ವಸ್ತು. ಅದನ್ನು ಶೆಡ್ಡಿನ ಹಿಂದಿನ ಗಟಾರಕ್ಕೆ ಚೆಲ್ಲಬೇಡಿ. ಆಮ್ಲ ಹಾಕಿ ಪಿಎಚ್ ಇಳಿಸಿ, ಸೋಡಿಯಂ ಮೆಟಾಬೈಸಲ್ಫೈಟಿನಿಂದ ಮೂರು ವೇಲೆನ್ಸಿಗೆ ತಂದು, ಆಮೇಲೆ ಸುಣ್ಣ ಹಾಕಿ ಹಸಿರು ಗಸಿಯಾಗಿ ಇಳಿಸಿ, ಪರವಾನಗಿ ಇದ್ದವರಿಗೇ ಒಪ್ಪಿಸಿ. ಆ ಕೆಲಸಕ್ಕೆ ಕೈಗವಸು, ಕನ್ನಡಕ, ತೆರೆದ ಕಿಟಕಿ ಬೇಕೇ ಬೇಕು. ನಮ್ಮಲ್ಲಿ ಈಗ ನೈಟ್ರೇಟಿನ ಡಬ್ಬಿಗೆ ನೀಲಿ ಬಣ್ಣ ಬಳಿದಿದ್ದೇವೆ, ಉಪ್ಪಿನ ಡಬ್ಬಿ ಶೆಡ್ಡಿನ ಹೊರಗೆ ಹೋಗಿದೆ.